ಗ್ರೀನ್‌ಫರ್ಡಿನಲ್ಲಿ ಕಂಡ ಮೊಣಕಾಲು

ಲಂಡನ್ನಿನಲ್ಲಿ ಏನೇನು ನೋಡಿ ಬಂದಿರಿ ಎಂದು ಕೇಳುವವರಿಗೆಲ್ಲ ನನ್ನದು ಒಂದೇ ಉತ್ತರ: ಮಗಳ ಮೊಣಕಾಲು. ಕೇಳಿದವರು ನಗುತ್ತಾರೆ. ನಗಲಿ. ಅರಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ, ನದಿಯ ಮೇಲಿನ ಸೇತುವೆಯನ್ನೂ ದಾಟಿದೆ, ಇಲ್ಲವೆನ್ನುವುದಿಲ್ಲ. ಆದರೆ ಅವೆಲ್ಲ ನಾನು ಹೋಗದಿದ್ದರೂ ಅಲ್ಲಿಯೇ ಇರುತ್ತಿದ್ದವು. ಮೊಣಕಾಲಿನ ಮಾತು ಹಾಗಲ್ಲ.

ನಾನು ಧಾರವಾಡದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್. ಕಾಂಪೌಂಡ್ ಹಾರುವವರನ್ನು ಕಂಡಿದ್ದೇನೆ, ಜ್ವರವೆಂದು ಹಾಸಿಗೆಯಲ್ಲಿ ದಿಂಬು ಮಲಗಿಸಿ ಸಿನಿಮಾಕ್ಕೆ ಹೋಗುವವರನ್ನೂ ಕಂಡಿದ್ದೇನೆ. ನನ್ನ ಕಣ್ಣಿಗೆ ಮಣ್ಣೆರಚುವ ಹುಡುಗಿ ಇನ್ನೂ ಹುಟ್ಟಿಲ್ಲ ಎಂಬ ಜಂಬ ನನಗಿತ್ತು. ಹುಟ್ಟಿದ್ದಳು, ಅದೂ ನನ್ನ ಹೊಟ್ಟೆಯಲ್ಲೇ. ಅದು ಗೊತ್ತಾಗಲು ಸಮುದ್ರ ದಾಟಬೇಕಾಯಿತು.

ಪಿನ್ನರ್, ಮೊದಲ ವಾರ

ಲಂಡನ್ನಿನ ಪಿನ್ನರ್ ಬಡಾವಣೆಯಲ್ಲಿರುವ ತಂಗಿ ಶಶಿಯ ಮಗಳು ದೀಪಾಳ ಕುಬಸಕ್ಕೆಂದು ನಾನು ಹೋದದ್ದು. ಬಸುರಿಗೆ ಏಳನೆಯ ತಿಂಗಳಲ್ಲಿ ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸುವ ಕಾರ್ಯ. ಹಿರಿಯಳಾಗಿ ನಾನಿಲ್ಲದೆ ಉಡಿ ತುಂಬುವವರು ಯಾರು? ಟಿಕೆಟ್ ಆದ ಮೇಲೆ ನನ್ನ ಮಗಳು ರೇಣುಕಾಳ ಅಂತರ ವಿಶ್ವವಿದ್ಯಾಲಯ ಕಬಡ್ಡಿ ಪಂದ್ಯಗಳು ಮುಂದಕ್ಕೆ ಹೋಗಿ ಸರಿಯಾಗಿ ಅದೇ ವಾರಕ್ಕೆ ಬಂದು ಕುಳಿತವು.

ರೇಣು ತನ್ನ ಯೂನಿವರ್ಸಿಟಿ ತಂಡದ ರೈಡರ್. ಎದುರಾಳಿಯ ಅಂಗಳಕ್ಕೆ ಒಬ್ಬಳೇ ನುಗ್ಗಿ, ಯಾರನ್ನಾದರೂ ಮುಟ್ಟಿ ಓಡಿ ಬರುವ ಕೆಲಸ. ಹೋದ ವರ್ಷ ಹಾಗೆ ಓಡಿ ಬರುವಾಗ ಎಡ ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ಇನ್ನೊಮ್ಮೆ ಪೆಟ್ಟಾದರೆ ಆಟವಿರಲಿ, ಮೆಟ್ಟಿಲು ಹತ್ತುವುದೂ ಕಷ್ಟವಾದೀತು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ರೇಣು ಮತ್ತೆ ಆಡುತ್ತೇನೆ ಎಂದಾಗ ನಾನು ಬೈದೆ, ಕಣ್ಣೀರು ಹಾಕಿದೆ, ಒಂದು ದಿನ ಮಾತು ಬಿಟ್ಟೆ. ಕೊನೆಗೆ ಒಪ್ಪಿದೆ.

"ನೀ ಲಂಡನ್ನಿಗೆ ಹೋಗವ್ವಾ," ಅಂದಳು ರೇಣು. "ಗ್ರೌಂಡಿಗೆ ಬಂದ್ರ ನೀ ಒದರತಿ. ಅಂಪೈರ್ ಸೀಟಿಗಿಂತ ನಿನ್ನ ದನಿ ಜೋರು. ಟಿವಿಯೊಳಗ ನೋಡು, ಅಲ್ಲೆ ಎಷ್ಟರ ಒದರು."

ಪಿನ್ನರಿನಲ್ಲಿ ಒದರುವುದು ಹಾಗಿರಲಿ, ಕೆಮ್ಮಲೂ ಹೆದರಿಕೆ. ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಆದರೂ ಒಂದರ ಸಪ್ಪಳ ಇನ್ನೊಂದಕ್ಕಿಲ್ಲ. ಬೆಳಿಗ್ಗೆ ಎಲ್ಲರೂ ಬಾಗಿಲನ್ನು ಮಗು ಮಲಗಿಸಿದಷ್ಟು ಮೆತ್ತಗೆ ಎಳೆದುಕೊಂಡು ಸ್ಟೇಷನ್ನಿನ ಕಡೆ ನಡೆಯುತ್ತಾರೆ. ಬೀದಿಯಲ್ಲಿ ನಾನು ಒಬ್ಬರ ಕಾಲು ತುಳಿದರೆ ಅವರೇ "ಸಾರಿ" ಎನ್ನುತ್ತಾರೆ. ನಮ್ಮ ಸುಭಾಸ ರೋಡಿನಲ್ಲಿ ಕಾಲು ತುಳಿದು ನೋಡಿ, ನಿಮ್ಮ ಮೂರು ತಲೆಮಾರಿನ ಜನ್ಮ ಜಾಲಾಡುತ್ತಾರೆ.

ಪಿನ್ನರ್, ಶುಕ್ರವಾರ

ಸೆಮಿಫೈನಲ್ ಶುರುವಾದಾಗ ಇಲ್ಲಿ ಇನ್ನೂ ನಾಷ್ಟಾದ ಹೊತ್ತು. ಪಂದ್ಯ ನಡೆಯುತ್ತಿದ್ದುದು ಪುಣೆಯಲ್ಲಿ. ಶಶಿಯ ಗಂಡ ಸತೀಶ ಮೈಸೂರಿನವನು, ಮೆತ್ತನೆಯ ಮನುಷ್ಯ. ಮನೆಯ ಹಿಂಗೋಡೆಯ ಡಿಶ್ಶಿನಿಂದ ಇಂಡಿಯಾದ ಚಾನೆಲ್ಲುಗಳು ಬರುತ್ತಿದ್ದವು, ಆದರೆ ಟಿವಿ ಹಳೆಯ ಡಬ್ಬಿ. ಆಟಗಾರ್ತಿಯರೆಲ್ಲ ಎಣ್ಣೆ ಹತ್ತಿದ ಕಾಗದದ ಹಿಂದೆ ಓಡಾಡಿದಂತೆ ಕಾಣುತ್ತಿದ್ದರು.

ಅಂಗಿಯ ನಂಬರಿನಿಂದ ರೇಣುವನ್ನು ಗುರುತಿಸಿದೆ. ಕಾಲಿನ ಕಡೆ ನೋಡಿದೆ. ಮೊಣಕಾಲಿಗೆ ದಪ್ಪ ಬಿಳಿ ಪಟ್ಟಿ ಸುತ್ತಿತ್ತು. ಬಲ ಮೊಣಕಾಲಿಗೆ.

"ಶಶೀ, ಆಪರೇಷನ್ ಆಗಿದ್ದು ಎಡಗಾಲಲ್ಲೇನ?"

"ಹೌದಲ್ಲಕ್ಕಾ, ಎಡಗಾಲು."

"ಮತ್ತ ಬಲಗಾಲಿಗ್ಯಾಕ ಪಟ್ಟಿ?"

ಸತೀಶ ಚಹಾದ ಕಪ್ಪು ಕೆಳಗಿಟ್ಟ. "ಅಕ್ಕ, ಗಾಬರಿ ಆಗ್ಬೇಡಿ. ಅವಳು ನಮ್ಮ ಕಡೆ ಮುಖ ಮಾಡಿ ನಿಂತಿದಾಳಲ್ವಾ, ಅವಳ ಎಡ ನಮಗೆ ಬಲ."

"ಈಗ ಬೆನ್ನು ತಿರುಗಿಸ್ಯಾಳ. ಈಗೂ ಬಲಕ್ಕೇ ಐತೆಲ್ಲೋ!"

ಅವನು ಸುಮ್ಮನಾಗಲಿಲ್ಲ. ಅಡುಗೆಮನೆಯ ಟವೆಲು ತಂದು ತನ್ನ ಎಡ ಮೊಣಕಾಲಿಗೆ ಕಟ್ಟಿಕೊಂಡು ಟಿವಿಯ ಮುಂದೆ ನಿಂತ. ನಮ್ಮ ಕಡೆ ಮುಖ ಮಾಡಿದ, ಬೆನ್ನು ಮಾಡಿದ, ಮತ್ತೆ ಮುಖ ಮಾಡಿದ. ನಾಲ್ಕಾರು ಸಲ ತಿರುಗಿದ ಮೇಲೆ ತಾನು ಟವೆಲು ಕಟ್ಟಿಕೊಂಡದ್ದು ಯಾವ ಕಾಲಿಗೆಂದು ಅವನಿಗೇ ಗೊಂದಲವಾಯಿತು. ಶಶಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಇನ್ನೊಂದು ಕಾಲಿಗೂ ಪೆಟ್ಟಾಗಿದೆ, ನನ್ನಿಂದ ಮುಚ್ಚಿಟ್ಟಿದ್ದಾಳೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆಗಲೇ ಎದುರಾಳಿಯೊಬ್ಬಳು ಹಾರಿ ಅವಳ ಕಾಲು ಹಿಡಿದಳು. "ಬಿಡಿಸ್ಕೋ! ರೇಣೂ, ಬಿಡಿಸ್ಕೋ ಅಂತೀನಿ!" ಎಂದು ನಾನು ಎದ್ದು ನಿಂತು ಒದರಿದೆ. ರೇಣು ತಪ್ಪಿಸಿಕೊಂಡಳು. ಸೋಫಾದಲ್ಲಿದ್ದ ದೀಪಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ದೊಡ್ಡವ್ವಾ, ಪ್ಲೀಸ್ ಡೋಂಟ್ ಶೌಟ್, ಬೇಬಿ ಈಸ್ ಕಿಕಿಂಗ್," ಅಂದಳು. ಅಷ್ಟರಲ್ಲಿ ಬಾಗಿಲ ಗಂಟೆ. ಪಕ್ಕದ ಮನೆಯ ಬಿಳಿಗೂದಲಿನ ಅಜ್ಜಿ ಕಾರ್ಡಿಗನ್ನಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದಳು. ಎಲ್ಲರೂ ಕ್ಷೇಮವೇ, ಯಾರಿಗಾದರೂ ಏನಾದರೂ ಆಯಿತೇ, ಆಂಬುಲೆನ್ಸ್ ಕರೆಯಲೇ ಎಂದು ಕೇಳಿದಳು. ಕಬಡ್ಡಿ ಎಂದು ಶಶಿ ಹೇಳಿದಳು. ಅಜ್ಜಿಗೆ ಅದು ಯಾವುದೋ ರೋಗದ ಹೆಸರಿನಂತೆ ಕೇಳಿಸಿರಬೇಕು, ಬೇಗ ಗುಣವಾಗಲಿ ಎಂದು ಹಾರೈಸಿ ಹೋದಳು. ಊರಲ್ಲಿ ನಾನು ಎಷ್ಟು ಒದರಿದರೂ ಯಾರೂ ಬರುವುದಿಲ್ಲ, ದಿನಾ ಒದರುತ್ತೇನಲ್ಲ.

ರೇಣುವಿನ ತಂಡ ಗೆದ್ದು ಫೈನಲಿಗೆ ಹೋಯಿತು. ಅಂದರೆ ಮರುದಿನ ಮತ್ತೆ ಆಡಬೇಕು. ಆ ಗೆಲುವು ನನಗೆ ಬೇಡವಾಗಿತ್ತು.

ರೇಣುವಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಪಂದ್ಯ ಮುಗಿಯುವವರೆಗೆ ಹುಡುಗಿಯರ ಫೋನುಗಳೆಲ್ಲ ತಂಡದ ಮ್ಯಾನೇಜರ್ ಮೇಡಂ ಹತ್ತಿರ. ಮೇಡಂಗೆ ಹಚ್ಚಿದೆ, ಎತ್ತಲಿಲ್ಲ. ಹೊರದೇಶದ ನಂಬರು ಕಂಡರೆ ಲಾಟರಿಯವರೆಂದು ಎಲ್ಲರೂ ಹೆದರುತ್ತಾರೆ. ಕಡೆಗೆ ನನ್ನ ತಮ್ಮ ಮಲ್ಲಣ್ಣನ ನೆನಪಾಯಿತು. ಅವನು ಸೋದರ ಸೊಸೆಯ ಆಟ ನೋಡಲೆಂದೇ ಪುಣೆಗೆ ಹೋಗಿದ್ದ.

"ಪಟ್ಟಿ? ನಾ ಮ್ಯಾಲ ಕುಂತಿದ್ನವಾ, ಎಲ್ಲೆ ಕಾಣಬೇಕು?" ಅಂದ. "ಚಂದ ಓಡಾಡಾಕತ್ತಿದ್ಲು ಬಿಡು." ಅವನ ಮಾತು ಕೇಳಿ ಸಮಾಧಾನವಾಗುವ ಬದಲು ಸಿಟ್ಟು ಬಂತು.

ವೆಂಬ್ಲಿ, ಶನಿವಾರ ಬೆಳಿಗ್ಗೆ

"ಎಚ್‌ಡಿ ಒಳಗ ನೋಡಬೇಕಕ್ಕಾ ನೀನು," ಅಂದಳು ಶಶಿ. "ಗ್ರೀನ್‌ಫರ್ಡಿನಾಗ ನೀಲಮ್ಮ ಅಂತ ಅದಾರ, ಕಲಬುರ್ಗಿಯವರು. ಕುಬಸದ ಶೇಂಗಾ ಹೋಳಿಗಿ, ಎಣಗಾಯಿ ಅವರೇ ಮಾಡಿ ಕೊಡೋದು. ಗಂಡಗ ಕಬಡ್ಡಿ ಹುಚ್ಚು, ಗ್ವಾಡಿಯಷ್ಟು ದೊಡ್ಡ ಟಿವಿ ತಂದಾನ. ಹೆಂಗೂ ಹೋಳಿಗಿ ತರಾಕ ಹೋಗಬೇಕಲ್ಲ."

ಮೊದಲು ಬಳೆ. ಅದಕ್ಕೆ ವೆಂಬ್ಲಿಗೆ ಇಳಿದೆವು. ಟ್ಯೂಬ್ ಎನ್ನುವ ನೆಲದಡಿಯ ರೈಲಿನಲ್ಲಿ ಹೋಗುವಾಗ ಡಬ್ಬಿಯ ತುಂಬ ಒಂದೇ ಬಣ್ಣದ ಅಂಗಿ, ಮಫ್ಲರ್ ತೊಟ್ಟ ಗಂಡಸರು. ಸ್ಟೇಡಿಯಮ್ಮಿನಲ್ಲಿ ಫುಟ್‌ಬಾಲ್ ಇತ್ತಂತೆ. ಅದುವರೆಗೆ ತುಟಿ ಬಿಚ್ಚದ ಇಂಗ್ಲಿಷರನ್ನೇ ಕಂಡಿದ್ದ ನನಗೆ ಅವತ್ತು ಅಚ್ಚರಿ. ಹೊಟ್ಟೆ ಬಂದ ಹಿರಿಯರು ಡಬ್ಬಿಯ ಮೇಲ್ಛಾವಣಿ ಬಡಿಯುತ್ತ ಭಜನೆಯಂತೆ ಹಾಡುತ್ತಿದ್ದರು. ಪಿನ್ನರಿನ ಅಜ್ಜಿ ಇವರ ಬಾಗಿಲಿಗೆ ಯಾಕೆ ಹೋಗುವುದಿಲ್ಲವೋ. ನನ್ನೆದುರು ಕುಳಿತಿದ್ದ ಒಬ್ಬ ಮಾತ್ರ ಹಾಡುತ್ತಿರಲಿಲ್ಲ, ಮುಖ ಬಿಳಿಚಿಕೊಂಡು ಉಗುರು ಕಚ್ಚುತ್ತಿದ್ದ. ಅವನ ಮೇಲೆ ನನಗೆ ಮಮತೆ ಬಂತು. ಪರ್ಸಿನಲ್ಲಿದ್ದ ಶುಂಠಿ ಪೆಪ್ಪರಮಿಂಟು ಕೊಟ್ಟೆ. ಅವನು ಬೆರಗಾಗಿ ನೋಡಿ ಬಾಯಿಗೆ ಹಾಕಿಕೊಂಡ.

ಈಲಿಂಗ್ ರೋಡಿನಲ್ಲಿ ಸೀರೆ, ಚಿನ್ನ, ಕರಿಬೇವು, ನುಗ್ಗೆಕಾಯಿ ಎಲ್ಲವೂ ಬೀದಿಗೆ ಬಂದು ನಿಂತಿವೆ. ಬಳೆ ಅಂಗಡಿಯ ಗುಜರಾತಿ ಹೆಣ್ಣುಮಗಳು ಹಸಿರು ಗಾಜಿನ ಬಳೆ ಕೇಳಿದರೆ ಪ್ಲಾಸ್ಟಿಕ್ ತೆಗೆದು ತೋರಿಸಿದಳು, ಒಡೆಯುವುದಿಲ್ಲ ಎಂದಳು. ಒಡೆಯದ ಬಳೆಯ ಸಪ್ಪಳವನ್ನು ಹೊಟ್ಟೆಯೊಳಗಿನ ಕೂಸು ಹೇಗೆ ಕೇಳಬೇಕು? ಅದನ್ನು ಅವಳಿಗೆ ಹಿಂದಿಯಲ್ಲಿ ತಿಳಿಸಿ ಗಾಜಿನ ಬಳೆ ಹೊರಗೆ ತೆಗೆಸುವಷ್ಟರಲ್ಲಿ ಹೊತ್ತಾಯಿತು.

ಗ್ರೀನ್‌ಫರ್ಡಿನ ಬಸ್ಸು ಫುಟ್‌ಬಾಲ್ ಜನರ ನಡುವೆ ಸಿಕ್ಕಿ ಎತ್ತಿನ ಗಾಡಿಯಾಯಿತು. ಬಸ್ಸಿನಲ್ಲಿ ಕುಳಿತು ನನಗೆ ತಡೆಯಲಾಗಲಿಲ್ಲ. ಫೋನ್ ಬಾಯಿಗೆ ಹಿಡಿದು ಮಲ್ಲಣ್ಣನಿಗೆ ವಾಟ್ಸಾಪಿನಲ್ಲಿ ಹೇಳಿ ಕಳಿಸಿದೆ.

"ಮಲ್ಲಣ್ಣಾ, ಇವತ್ತ ಮುಂದಿನ ಸಾಲಿನಾಗ ಕುಂಡ್ರು. ಹೆಂಗರ ಮಾಡಿ ರೇಣುನ್ನ ಕೇಳು. ಆಪರೇಷನ್ ಎಡಗಾಲಿಗಾಗೈತಿ, ಬಲಗಾಲಿಗ್ಯಾಕ ಪಟ್ಟಿ ಕಟ್ಟಿ ಅಂತ ಕೇಳು. ಉತ್ತರ ಬರೂತನಕ ಬಿಡಬ್ಯಾಡ. ನನ್ನಾಣಿ."

ಶಶಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಸ್ಸಿನ ಜನವೆಲ್ಲ ನನ್ನನ್ನೇ ನೋಡುತ್ತಿತ್ತು.

ಗ್ರೀನ್‌ಫರ್ಡ್, ಅದೇ ದಿನ

ಗೋದಾಮುಗಳ ಸಾಲು ದಾಟಿ ಎರಡು ತಿರುವು ಹೋದರೆ ನೀಲಮ್ಮನ ಮನೆ. ಬಾಗಿಲಲ್ಲೇ ಹುರಿದ ಶೇಂಗಾದ, ಬೆಲ್ಲದ ವಾಸನೆ. ಗಂಡ ಶನಿವಾರದ ಪಾಳಿಗೆ ಹೋಗಿದ್ದ. ನೀಲಮ್ಮ ಲಟ್ಟಣಿಗೆ ಹಿಡಿದೇ ಬಂದಳು. "ಬರ್ರಿ ಅಕ್ಕೋರೆ, ಆಟ ಶುರು ಆಗ್ಯಾದ. ನಿಮ್ಮ ಹುಡುಗಿ ಯಾವಾಕಿ?"

ಗೋಡೆಯಗಲದ ಟಿವಿಯಲ್ಲಿ ರೇಣು ನಿಂತಿದ್ದಳು. ಹಾಗೆ ನಾನು ಅವಳನ್ನು ಯಾವತ್ತೂ ನೋಡಿರಲಿಲ್ಲ. ಗ್ರೌಂಡಿಗೆ ಹೋದರೆ ದೂರದಿಂದ ಜಡೆಯೊಂದು ಹಾರಾಡುವುದು ಕಾಣುತ್ತಿತ್ತು, ಅಷ್ಟೆ. ಇಲ್ಲಿ ಹುಬ್ಬಿನ ಮೇಲಿನ ಬೆವರು, ಹಲ್ಲು ಕಚ್ಚಿದಾಗ ದವಡೆ ಬಿಗಿಯುವುದು, ಉಸಿರು ಹಿಡಿದು "ಕಬಡ್ಡಿ ಕಬಡ್ಡಿ" ಅನ್ನುವಾಗ ತುಟಿ ಆಡುವುದು, ಎಲ್ಲ ಕೈಗೆ ಸಿಗುವ ಹಾಗಿತ್ತು. ಎಡ ಮೊಣಕಾಲು ಬರಿದಾಗಿತ್ತು, ಹೊಲಿಗೆಯ ಗುರುತು ನಿಚ್ಚಳವಾಗಿ ಕಾಣುತ್ತಿತ್ತು. ಬಲಕ್ಕೆ ಬಿಳಿ ಪಟ್ಟಿ. ಸತೀಶನ ಟವೆಲಿನ ವಾದ ಅಲ್ಲಿಗೆ ಮುಗಿಯಿತು.

ಅದು ಸಾಲದೆಂಬಂತೆ, ಹರಿಯಾಣದ ಬಲಾಢ್ಯ ಹುಡುಗಿಯರ ಎದುರು ಈ ರೈಡರಿನ ಬಲಗಾಲು ಬಹಳ ನೋಯುತ್ತಿದೆ ಎಂದು ಕಾಮೆಂಟರಿಯವನು ಹಿಂದಿಯಲ್ಲಿ ಮರುಗುತ್ತಿದ್ದ. ನಿಜವೇ, ರೇಣು ಬಲಗಾಲನ್ನು ಎಳೆದು ಹಾಕುತ್ತಿದ್ದಳು.

"ಆಟ ನಿಲ್ಲಸ್ರೀ ಯಾರರ!" ಅಂದೆ. ಗೋಡೆಗೆ ಅಂದೆ, ಇನ್ನಾರಿಗೆ ಅನ್ನಲಿ?

"ನೀರು ಕುಡೀರಿ ಅಕ್ಕೋರೆ," ಅಂದಳು ನೀಲಮ್ಮ.

ವಿರಾಮ ಮುಗಿದು ರೇಣು ಮತ್ತೆ ರೈಡಿಗೆ ಬಂದಳು. ಗೆರೆ ದಾಟುವ ಮುಂಚೆ ಒಂದು ಗಳಿಗೆ ನಿಂತಳು. ಆಗ ಗ್ಯಾಲರಿಯ ಮುಂದಿನ ಸಾಲಿನಲ್ಲಿ ಒಬ್ಬ ಮನುಷ್ಯ ಎದ್ದು ನಿಂತು ಎರಡೂ ಕೈ ಬಾಯಿಗೆ ಬೊಗಸೆ ಮಾಡಿದ. ಯಾವಾಗಲೂ ಹಾಕುವ ಅದೇ ಹಳದಿ ಟೋಪಿ. ಮಲ್ಲಣ್ಣ! ಅವನ ದನಿ ನಮ್ಮ ಮನೆತನದ ದನಿ. ಮೈಕಿಗೆ ಸಿಕ್ಕು ಪುಣೆಯಿಂದ ಗ್ರೀನ್‌ಫರ್ಡಿನವರೆಗೆ ಸ್ವಚ್ಛವಾಗಿ ಬಂತು.

"ರೇಣೂ! ನಿಮ್ಮವ್ವ ಕೇಳಾಕತ್ತಾಳ! ಆಪರೇಷನ್ ಆಗಿದ್ದು ಎಡಗಾಲು, ಬಲಗಾಲಿಗ್ಯಾಕ ಪಟ್ಟಿ ಕಟ್ಟಿ?"

ರೇಣು ಗಕ್ಕನೆ ತಿರುಗಿದಳು. ನಾನು ಹೆತ್ತ ಹುಡುಗಿ, ಆ ನೋಟ ನನಗೆ ಗೊತ್ತು. ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ದನಿಯಿಲ್ಲದೆ ತುಟಿ ಅಲುಗಿಸಿದಳು. ಆ ದೊಡ್ಡ ಟಿವಿಯಲ್ಲಿ ಒಂದೊಂದು ಅಕ್ಷರವನ್ನೂ ಓದಿದೆ: "ಸುಮ್ನ ಕುಂಡ್ರೋ ಮಾಮಾ."

ನೀಲಮ್ಮನ ಕೈಯ ಲಟ್ಟಣಿಗೆ ನಿಂತಿತು. "ಅಕ್ಕೋರೆ," ಅಂದಳು ನಿಧಾನಕ್ಕೆ, "ನಿಮ್ಮ ಹುಡುಗಿ ನಾಟಕ ಮಾಡಕತ್ತಾಳ ನೋಡ್ರಿ."

"ಏನು ನಾಟಕ?"

ಉತ್ತರ ಟಿವಿಯಲ್ಲೇ ಬಂತು. ರೇಣು ಕುಂಟುತ್ತ ಒಳಗೆ ಹೋದಳು. ಮೂಲೆಯಲ್ಲಿದ್ದ ಹರಿಯಾಣದ ಗಟ್ಟಿಗಿತ್ತಿ ಬರಿದಾಗಿದ್ದ ಎಡಗಾಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರ ಪಟ್ಟಿ ಕಟ್ಟಿದ ಬಲಗಾಲಿಗೆ ಹಾರಿ ಹಿಮ್ಮಡಿ ಹಿಡಿದಳು. ಹಿಡಿದದ್ದೇ ತಡ, ಕುಂಟುತ್ತಿದ್ದ ಕಾಲಿಗೆ ಆನೆಯ ಬಲ ಬಂತು. ಹಿಡಿದವಳನ್ನೂ, ಅವಳ ಬೆನ್ನಿಗೆ ಬಿದ್ದ ಇನ್ನೊಬ್ಬಳನ್ನೂ ದರದರನೆ ಎಳೆದುಕೊಂಡು ಬಂದು ರೇಣು ನಡುಗೆರೆಗೆ ಕೈ ಚಾಚಿದಳು. ಇಬ್ಬರೂ ಔಟ್.

ನೋಯದ ಕಾಲಿಗೆ ಪಟ್ಟಿ ಕಟ್ಟಿ, ಅದನ್ನೇ ಕುಂಟಿಸಿ, ಎಲ್ಲರ ಕಣ್ಣನ್ನೂ ಅದರ ಮೇಲೆ ಕೂರಿಸಿ, ಆಪರೇಷನ್ ಆದ ಕಾಲನ್ನು ಕಾಪಾಡಿಕೊಂಡಿದ್ದಳು! ಹೊಸ ಪೆಟ್ಟೇನೂ ಆಗಿರಲಿಲ್ಲ. ನನ್ನ ಎದೆಯ ಮೇಲಿನಿಂದ ಬೀಸುಕಲ್ಲು ಇಳಿಸಿದಂತಾಯಿತು. ನೆಲದ ಮೇಲೆ ಕುಸಿದು ಕುಳಿತೆ. ನಗುತ್ತಿದ್ದೆನೋ ಅಳುತ್ತಿದ್ದೆನೋ, ಶಶಿ ಬೆನ್ನು ಸವರುತ್ತಿದ್ದಳು.

"ಕಳ್ಳಿ! ನನಗೊಂದು ಮಾತು ಹೇಳಬಾರದಿತ್ತೇನ?"

"ಹೇಳಿದ್ರ ಏನಾಗತಿತ್ತು ಅಂತ ಈಗ ನೋಡಿದಿಲ್ಲೇನಕ್ಕಾ," ಅಂದಳು ಶಶಿ. "ಮಲ್ಲಣ್ಣನ ಕೈಲೆ ಡಂಗುರ ಹೊಡಿಸಿದಿ."

ಆಗ ನನಗೆ ಇನ್ನೊಮ್ಮೆ ಬೆವರಿತು. ಬಲಗಾಲು ಗಟ್ಟಿ, ಎಡಗಾಲು ಹಿಡಿಯಿರಿ ಎಂದು ಇಡೀ ಸ್ಟೇಡಿಯಮ್ಮಿಗೆ ನಾನೇ ಸಾರಿಸಿದ್ದೆ. ನೀಲಮ್ಮ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಪುಣ್ಯಾ ಮಾಡೀರಿ ಅಕ್ಕೋರೆ. ಎದುರಿಗಿರೋರು ಹರಿಯಾಣದವ್ರು. ನಮ್ಮ ಬಿಜಾಪುರದ ಹುಡ್ಗೇರು ಇದ್ದಿದ್ರ ಇಷ್ಟೊತ್ತಿಗೆ ಎಡಗಾಲು ಕಿತ್ತು ಕೈಯಾಗ ಕೊಡತಿದ್ರು." ಕನ್ನಡ ಬಾರದ ಜನ ಈ ಜಗತ್ತಿನಲ್ಲಿ ಇದ್ದಾರೆಂದು ಆವತ್ತು ಖುಷಿಪಟ್ಟಷ್ಟು ನಾನು ಯಾವತ್ತೂ ಪಟ್ಟಿಲ್ಲ.

ಉಳಿದ ಆಟವನ್ನು ನಾನು ಹಬ್ಬದಂತೆ ನೋಡಿದೆ. ನೀಲಮ್ಮ ಹಂಚಿನ ಮೇಲಿಂದ ಬಿಸಿ ಹೋಳಿಗೆ ತಂದು ಹಾಕಿದಳು, ತುಪ್ಪ ಸುರಿದಳು, ತಿಂದೆ. ಹಿಂದಿನ ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಹರಿಯಾಣದವರು ಗೆದ್ದರು, ಒಂದೇ ಒಂದು ಪಾಯಿಂಟಿನಿಂದ. ಶಶಿ ಹಣೆ ಬಡಿದುಕೊಂಡಳು. ನೀಲಮ್ಮ ರೆಫ್ರಿಯ ವಂಶಕ್ಕೆ ಕಲಬುರ್ಗಿ ಮಾತಿನಲ್ಲಿ ಮಂಗಳಾರತಿ ಮಾಡಿದಳು.

ಗೆದ್ದವರು ಕುಣಿಯುತ್ತಿದ್ದರು. ಕ್ಯಾಮೆರಾ ಸೋತವರ ಕಡೆ ಹೊರಳಿತು. ರೇಣು ಮ್ಯಾಟಿನ ಮೇಲೆ ಕುಳಿತು, ಮುಖಕ್ಕೆ ಎರಡೂ ಕೈ ಒತ್ತಿಕೊಂಡು ಅಳುತ್ತಿದ್ದಳು.

"ಅಯ್ಯೋ ಕೂಸ," ಅಂದಳು ಶಶಿ.

ನಾನು ಅವಳ ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದೆ. ಆಪರೇಷನ್ ಆದಾಗಿನಿಂದ ರೇಣು ನೆಲಕ್ಕೆ ಕುಳಿತವಳಲ್ಲ. ಮ್ಯಾಟಿನ ಮೇಲೆ ಹಾರುತ್ತಾಳೆ, ಬೀಳುತ್ತಾಳೆ, ಊಟಕ್ಕೆ ಮಾತ್ರ ಸ್ಟೂಲೇ ಬೇಕು. ಈಗ ಕೂಡಬಹುದು ಎಂದು ಡಾಕ್ಟರು ಹೇಳಿದ ಮೇಲೂ ಎಡಗಾಲು ಮಡಚಲು ಅವಳಿಗೆ ಧೈರ್ಯ ಬಂದಿರಲಿಲ್ಲ. ನಾವೆಲ್ಲ ಪಂಕ್ತಿಯಲ್ಲಿ ಕುಳಿತರೆ ಅವಳೊಬ್ಬಳು ಗೋಡೆಗೆ ಸರಿದು ಎತ್ತರದಲ್ಲಿ ಕುಳಿತು ಉಣ್ಣುತ್ತಿದ್ದಳು.

ಸಂಜೆ ಅವಳ ಫೋನ್ ಬಂದಾಗ ನಾವಿನ್ನೂ ನೀಲಮ್ಮನ ಮನೆಯಲ್ಲೇ ಹೋಳಿಗೆ ಡಬ್ಬಿಗೆ ತುಂಬುತ್ತಿದ್ದೆವು. ಅತ್ತು ಅತ್ತು ದನಿ ಕಟ್ಟಿತ್ತು.

"ಅವ್ವಾ, ಸೋತ್ವಿ."

"ನೋಡಿದೆ."

"ಒಂದ ಪಾಯಿಂಟಲೆ ಹೋತವ್ವಾ. ಮಾಮಾ ಬ್ಯಾರೆ ಹಂಗ ಒದರಿದ. ನನಗ ಸಿಟ್ಟು ಬಂದಿತ್ತು... ಅವ್ವಾ? ನೀ ನಗಾಕತ್ತಿಯೇನ?"

"ಹೌದು, ನಗಾಕತ್ತೀನಿ."

"ನಾವು ಸೋತೇವಿ, ನೀ ನಗತಿ?"

"ಸೋತ ಮ್ಯಾಲ ಮ್ಯಾಟ್ ಮ್ಯಾಲ ಕುಂತು ಅತ್ತಿ ನೋಡು. ಹೆಂಗ ಕುಂತಿದ್ದಿ, ನೆನಪೈತೇನ?"

"ಹೆಂಗ ಅಂದ್ರ?"

"ಚಕ್ಕಳಮಕ್ಕಳ ಹಾಕ್ಕೊಂಡು ಕುಂತಿದ್ದಿ. ಎರಡೂ ಕಾಲು ಮಡಚಿ."

ಆ ಕಡೆ ಅಳು ನಿಂತಿತು. ಆಮೇಲೆ ಕುರ್ಚಿ ಸರಿದ ಸಪ್ಪಳ, ನೆಲಕ್ಕೆ ಕೂಡುವಾಗ ಸಣ್ಣಗೆ ನರಳಿದ ಹಾಗೆ, ನಂತರ ನಗು.

"ಅವ್ವಾ," ಅಂದಳು ರೇಣು, "ಈಗೂ ಬರತೈತಿ."